‘ಬೇಡ’ ಎಂದರೂ ಬರುವ ವಿಡಿಯೊಗಳು

ಯೂಟ್ಯೂಬ್‌ನಲ್ಲಿ ಬೇಡದ ವಿಡಿಯೊ ಎದುರಾದರೆ ಮೂರು ಚುಕ್ಕಿಗಳನ್ನು ಒತ್ತಿ ‘ಆಸಕ್ತಿಯಿಲ್ಲ’ ಎಂದು ತಿಳಿಸಬಹುದು. ಹಾಗೆ ತಿಳಿಸಿದ ಮೇಲೂ ಅದೇ ಬಗೆಯ ವಿಡಿಯೊ ಬರುತ್ತಲೇ ಇರುತ್ತದೆ ಎಂಬುದು ಬಹಳ ಜನರ ದೂರು. ಈ ದೂರಿನಲ್ಲಿ ಎಷ್ಟು ಹುರುಳಿದೆ ಎಂದು ಮೊಜಿಲ್ಲಾ ಸಂಸ್ಥೆ ಅಳೆದು ನೋಡಿ 2022ರಲ್ಲಿ ವರದಿ ಪ್ರಕಟಿಸಿತು. 20 ಸಾವಿರಕ್ಕೂ ಹೆಚ್ಚು ಜನ ತಮ್ಮ ಬ್ರೌಸರ್‌ಗಳಿಂದ ಮಾಹಿತಿ ಒದಗಿಸಿದರು. 50 ಕೋಟಿಗೂ ಹೆಚ್ಚು ಶಿಫಾರಸುಗಳು ಲೆಕ್ಕಕ್ಕೆ ಸಿಕ್ಕವು. ‘ಆಸಕ್ತಿಯಿಲ್ಲ’ ಎಂಬ ಗುಂಡಿ ತಡೆದದ್ದು ಬೇಡದ ಶಿಫಾರಸುಗಳಲ್ಲಿ ಶೇ. 11ನ್ನು ಮಾತ್ರ. ‘ಡಿಸ್‌ಲೈಕ್’ ಒತ್ತಿದವರಿಗೆ ಶೇ. 12ರಷ್ಟು ಫಲ ಸಿಕ್ಕಿತು. ನೋಡಿದ ವಿಡಿಯೊವನ್ನು ಹಿಸ್ಟರಿಯಿಂದ ಅಳಿಸಿದಾಗ ಅದು ಶೇ. 29ಕ್ಕೆ ಏರಿತು. ‘ಈ ಚಾನೆಲ್ ಶಿಫಾರಸು ಮಾಡಬೇಡಿ’ ಎಂದವರಿಗೆ ಶೇ. 43. ನಾಲ್ಕೂ ಗುಂಡಿಗಳು ಹೇಳುವುದು ‘ಬೇಡ’ ಎಂಬ ಒಂದೇ ಮಾತನ್ನು. ಹಾಗಿದ್ದರೂ ಫಲ ಇಷ್ಟೊಂದು ಭಿನ್ನವಾಗುವುದು ಏಕೆ ಎಂಬುದನ್ನು ತಿಳಿಯಲು ಫೀಡ್ ಸಿದ್ಧವಾಗುವ ಬಗೆಯನ್ನು ನೋಡಬೇಕು.

ನಮ್ಮ ಫೀಡ್‌ಗೆ ಬರಬಹುದಾದ ಸಾವಿರಾರು ಪೋಸ್ಟುಗಳಲ್ಲಿ ಪ್ರತಿಯೊಂದಕ್ಕೂ ಅಲ್ಗಾರಿದಮ್ ಅಂಕ ಕೊಡುತ್ತದೆ. ಇದನ್ನು ನೋಡಿದರೆ ಈ ವ್ಯಕ್ತಿ ಲೈಕ್ ಒತ್ತುವ ಸಂಭವ ಎಷ್ಟು, ಪ್ರತಿಕ್ರಿಯೆ ಬರೆಯುವ ಸಂಭವ ಎಷ್ಟು, ‘ಬೇಡ’ ಎನ್ನುವ ಸಂಭವ ಎಷ್ಟು ಎಂದು ಹಿಂದಿನ ನಡವಳಿಕೆಯಿಂದ ಊಹಿಸಿ, ಒಂದೊಂದನ್ನೂ ಅದಕ್ಕೆ ಗೊತ್ತುಮಾಡಿದ ತೂಕದಿಂದ ಗುಣಿಸಿ ಕೂಡುತ್ತದೆ. ಮೊತ್ತ ಹೆಚ್ಚಿದ್ದದ್ದು ಮೇಲೆ ಬರುತ್ತದೆ. ಟ್ವಿಟರ್ 2023ರಲ್ಲಿ ತನ್ನ ತೂಕಗಳನ್ನು ಬಹಿರಂಗಪಡಿಸಿದ್ದರಿಂದ ಈ ಲೆಕ್ಕವನ್ನು ನಾವೂ ಮಾಡಿ ನೋಡಬಹುದು. ಅಲ್ಲಿ ಲೈಕ್‌ಗೆ 0.5, ಪ್ರತಿಕ್ರಿಯೆಗೆ 13.5, ‘ಇಂಥದ್ದು ಬೇಡ’ ಎಂಬ ಸೂಚನೆಗೆ ಮೈನಸ್ 74. ಮೇಲ್ನೋಟಕ್ಕೆ ‘ಬೇಡ’ ಎಂಬುದಕ್ಕೆ ಭಾರಿ ಬೆಲೆ ಸಿಕ್ಕಂತೆಯೇ ಕಾಣುತ್ತದೆ. ಆದರೆ ಸಿಟ್ಟು ಬಂದಾಗ ಮಾರುತ್ತರ ಬರೆಯುವವರು ಬಹಳ, ಮೆನು ಹುಡುಕಿ ‘ಬೇಡ’ ಒತ್ತುವವರು ವಿರಳ. ಉದಾಹರಣೆಗೆ, ಒಂದು ಕೆರಳಿಸುವ ಪೋಸ್ಟಿಗೆ ನೀವು ಪ್ರತಿಕ್ರಿಯಿಸುವ ಸಂಭವ ನೂರಕ್ಕೆ ಒಂದು, ‘ಬೇಡ’ ಎನ್ನುವ ಸಂಭವ ಸಾವಿರಕ್ಕೆ ಒಂದು ಎಂದಿಟ್ಟುಕೊಳ್ಳೋಣ. ಪ್ರತಿಕ್ರಿಯೆಯಿಂದ 0.135 ಅಂಕ ಸೇರುತ್ತದೆ, ‘ಬೇಡ’ದಿಂದ 0.074 ಅಂಕ ಕಳೆಯುತ್ತದೆ. ಪೋಸ್ಟು ಲಾಭದಲ್ಲೇ ಉಳಿಯಿತು. ನೀವು ಬರೆಯುವ ಪ್ರತಿಕ್ರಿಯೆ ‘ಇದು ಶುದ್ಧ ಸುಳ್ಳು’ ಎಂದಿದ್ದರೂ ಈ ಲೆಕ್ಕದಲ್ಲಿ ಅದು ಪ್ರತಿಕ್ರಿಯೆಯೇ.

ಮೊಜಿಲ್ಲಾ ಕಂಡ ವ್ಯತ್ಯಾಸದ ಬೇರು ಇಲ್ಲಿದೆ ಎಂದು ನನಗೆ ತೋರುತ್ತದೆ. ‘ಆಸಕ್ತಿಯಿಲ್ಲ’ ಎಂದಾಗ ಅಲ್ಗಾರಿದಮ್ ಅದನ್ನು ನೂರಾರು ಸುಳಿವುಗಳ ನಡುವಿನ ಇನ್ನೊಂದು ಸುಳಿವಾಗಿ ಸೇರಿಸಿಕೊಳ್ಳುತ್ತದೆ; ಉಳಿದ ಸುಳಿವುಗಳು ಅದನ್ನು ಮುಳುಗಿಸಬಹುದು. ‘ಈ ಚಾನೆಲ್ ಬೇಡ’ ಎಂಬುದು ನಿಯಮಕ್ಕೆ ಹತ್ತಿರವಾದದ್ದು, ಅದಕ್ಕೆ ಇತರ ಅಂಕಗಳೊಡನೆ ಸೆಣಸುವ ಅಗತ್ಯ ಕಡಿಮೆ. ಬಳಕೆದಾರ ಬಾಯಿಬಿಟ್ಟು ಹೇಳಿದ್ದನ್ನು ಸಂಭವನೀಯತೆಯ ಲೆಕ್ಕಕ್ಕೆ ಸೇರಿಸದೆ ನಿಯಮವಾಗಿಯೇ ಪಾಲಿಸಬೇಕು ಎಂಬುದು ನನ್ನ ವಾದ.

ಇದಕ್ಕೆ ಮೊದಲು ಬರುವ ಆಕ್ಷೇಪ ನೇರವಾದದ್ದು: ಜನ ನೋಡುತ್ತಾರೆ, ಅದಕ್ಕೇ ತೋರಿಸುತ್ತೇವೆ, ಬಾಯಲ್ಲಿ ಬೇಡ ಎನ್ನುವವರ ಕಣ್ಣು ಅಲ್ಲೇ ಇರುತ್ತದಲ್ಲ? ಇದನ್ನು ಸಂಶೋಧಕರು ಪರೀಕ್ಷಿಸಿದ್ದಾರೆ. ಸ್ಮಿತಾ ಮಿಲ್ಲಿ ಮತ್ತು ಸಂಗಡಿಗರು 2023ರಲ್ಲಿ ಸುಮಾರು 800 ಟ್ವಿಟರ್ ಬಳಕೆದಾರರ ಮುಂದೆ ಅಲ್ಗಾರಿದಮ್ ಆರಿಸಿದ ಟ್ವೀಟುಗಳನ್ನೂ ಸಮಯದ ಕ್ರಮದಲ್ಲಿ ಬರುವ ಟ್ವೀಟುಗಳನ್ನೂ ಇಟ್ಟು ಕೇಳಿದರು. ಅಲ್ಗಾರಿದಮ್ ಆರಿಸಿದ ರಾಜಕೀಯ ಟ್ವೀಟುಗಳಲ್ಲಿ ಸಿಟ್ಟು ಮತ್ತು ಎದುರು ಬಣದ ಮೇಲಿನ ಹಗೆ ಹೆಚ್ಚಿತ್ತು. ಅವು ತಮಗೆ ಹೆಚ್ಚು ಇಷ್ಟವೆಂದು ಓದುಗರು ಹೇಳಲಿಲ್ಲ. ಬೆಂಕಿ ಬಿದ್ದ ಕಡೆ ತಲೆ ತಾನಾಗಿ ತಿರುಗುತ್ತದೆ, ಬೆಂಕಿ ಬೀಳಲಿ ಎಂದು ಯಾರೂ ಬಯಸಿರುವುದಿಲ್ಲ. ಫೇಸ್‌ಬುಕ್ ಕೂಡ 2017ರಿಂದ ‘ಸಿಟ್ಟಿನ’ ಇಮೋಜಿಗೆ ಲೈಕ್‌ನ ಐದು ಪಟ್ಟು ತೂಕ ಕೊಟ್ಟಿತ್ತು ಎಂಬುದು 2021ರಲ್ಲಿ ಹೊರಬಿದ್ದ ಒಳದಾಖಲೆಗಳಿಂದ ತಿಳಿಯಿತು. ಆ ತೂಕವನ್ನು ಹಂತ ಹಂತವಾಗಿ ಇಳಿಸಿ ಕೊನೆಗೆ ಸೊನ್ನೆಗೆ ತಂದರು. ತೂಕಗಳನ್ನು ಇಡುವವರು ಮನುಷ್ಯರು, ತೆಗೆಯುವವರೂ ಮನುಷ್ಯರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅಂಕಗಳ ಗೊಡವೆಯೇ ಬೇಡ, ಹಳೆಯ ಕಾಲದಂತೆ ಸಮಯದ ಕ್ರಮದಲ್ಲಿ ಪೋಸ್ಟುಗಳನ್ನು ತೋರಿಸಲಿ ಎನ್ನುವವರೂ ಇದ್ದಾರೆ. ಈ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಪ್ರಯೋಗದ ಫಲಿತಾಂಶ ಅದನ್ನು ಪೂರ್ತಿ ಬೆಂಬಲಿಸುವುದಿಲ್ಲ. ಅಮೆರಿಕದ 2020ರ ಚುನಾವಣೆಯ ವೇಳೆ ಸಾವಿರಾರು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಬಳಕೆದಾರರಿಗೆ ಮೂರು ತಿಂಗಳು ಸಮಯಕ್ರಮದ ಫೀಡನ್ನೇ ಕೊಡಲಾಯಿತು. 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಆ ಅಧ್ಯಯನದ ಪ್ರಕಾರ ಫೇಸ್‌ಬುಕ್‌ನಲ್ಲಿ ಅಸಭ್ಯ ಮಾತುಗಳಿರುವ ಪೋಸ್ಟುಗಳು ಕಡಿಮೆಯಾದವು, ಆದರೆ ನಂಬಲರ್ಹವಲ್ಲದ ಮೂಲಗಳಿಂದ ಬಂದವು ಎರಡೂ ತಾಣಗಳಲ್ಲಿ ಹೆಚ್ಚಿದವು. ಸೋಸುವುದನ್ನು ನಿಲ್ಲಿಸಿದರೆ ಕಸವೂ ಬರುತ್ತದೆ. ಹಾಗಾಗಿ ಸೋಸುವುದು ಬೇಕೇ ಬೇಕು. ಯಾರ ಅಳತೆಯಲ್ಲಿ ಎಂಬುದನ್ನಷ್ಟೇ ತೀರ್ಮಾನಿಸಬೇಕಾಗಿದೆ.

ಅಳತೆಯ ಮಾತಿಗೆ ಬಂದರೆ, ಯಾವ ಫಿಲ್ಟರೂ ತಪ್ಪು ಮಾಡದೆ ಇರದು. ಸಾವಿರ ಪೋಸ್ಟುಗಳಲ್ಲಿ 20 ನಿಮಗೆ ಬೇಡದವು ಎಂದುಕೊಳ್ಳಿ. ಫಿಲ್ಟರ್ ಅವುಗಳಲ್ಲಿ ಶೇ. 90ನ್ನು ಹಿಡಿಯುತ್ತದೆ, ಒಳ್ಳೆಯವುಗಳಲ್ಲಿ ಶೇ. 5ನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ. ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿದರೆ ಹಿಡಿದ ಬೇಡದವು 18, ಅವುಗಳ ಜತೆ ಮರೆಯಾದ ಒಳ್ಳೆಯವು 49! ಬೇಡದ್ದು ವಿರಳವಾಗಿದ್ದಷ್ಟೂ ಈ ನಷ್ಟ ಹೆಚ್ಚು. ಫಿಲ್ಟರನ್ನು ಸಡಿಲಿಸಿದರೆ ಒಳ್ಳೆಯವು ಉಳಿಯುತ್ತವೆ, ಕೆಲವು ಕೆಟ್ಟವೂ ನುಸುಳುತ್ತವೆ. ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದಕ್ಕೆ ಗಣಿತದಲ್ಲಿ ಒಂದೇ ಸರಿಯುತ್ತರವಿಲ್ಲ. ಆತ್ಮಹತ್ಯೆಯಿಂದ ಮನೆಯವರನ್ನು ಕಳೆದುಕೊಂಡವರಿಗೆ ಆ ವಿಷಯದ ಒಂದು ಪೋಸ್ಟೂ ಕಾಣದಿರುವುದು ಮುಖ್ಯವಾಗಬಹುದು, ಅದಕ್ಕಾಗಿ ಐವತ್ತು ಒಳ್ಳೆಯ ಪೋಸ್ಟು ಹೋದರೂ ಸರಿ. ಪತ್ರಕರ್ತರಿಗೆ ಅದೇ ಬಿಗಿತ ಅಡ್ಡಿ. ಒಂದೇ ಬಿಗಿತವನ್ನು ಕೋಟ್ಯಂತರ ಜನರಿಗೆ ಕಂಪನಿ ಗೊತ್ತುಮಾಡುವುದು ಹಾಗಾಗಿ ಸರಿಯಲ್ಲ; ಆ ತಿರುಗಣೆ ಓದುಗರ ಕೈಯಲ್ಲಿರಬೇಕು.

ಹೀಗಾದರೆ ಪ್ರತಿಯೊಬ್ಬರೂ ತಮಗೆ ಒಪ್ಪಿಗೆಯಾದದ್ದನ್ನಷ್ಟೇ ಓದುತ್ತ ಗುಳ್ಳೆಯೊಳಗೆ ಸೇರಿಬಿಡುತ್ತಾರೆ ಎಂಬ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ವಿಷಯವನ್ನು ಸೋಸುವುದು ಬೇರೆ, ಹಗೆಯನ್ನು ಸೋಸುವುದು ಬೇರೆ. 2025ರಲ್ಲಿ ‘ಸೈನ್ಸ್’ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಸಂಶೋಧಕರು ಕಂಪನಿಯ ನೆರವಿಲ್ಲದೆ, ಬ್ರೌಸರ್ ಎಕ್ಸ್‌ಟೆನ್ಶನ್ ಒಂದರಿಂದಲೇ ಬಳಕೆದಾರರ ‘ಎಕ್ಸ್’ ಫೀಡನ್ನು ಮರುಜೋಡಿಸಿದರು. ರಾಜಕೀಯ ಪೋಸ್ಟುಗಳನ್ನು ಅಳಿಸಲಿಲ್ಲ; ಎದುರು ಪಕ್ಷದವರ ಮೇಲೆ ದ್ವೇಷ ಕಾರುವಂಥವನ್ನು ಕೆಳಗೆ ತಳ್ಳಿದರು, ಅಷ್ಟೆ. ಹತ್ತು ದಿನಗಳಲ್ಲಿ ಎದುರು ಪಕ್ಷದವರ ಬಗೆಗಿನ ಭಾವನೆ ನೂರರ ಅಳತೆಯಲ್ಲಿ ಸುಮಾರು ಎರಡು ಅಂಶ ಸುಧಾರಿಸಿತು. ಬದಲಾವಣೆ ಸಣ್ಣದು, ದಿಕ್ಕು ಮಾತ್ರ ಗುಳ್ಳೆಯ ಭಯಕ್ಕೆ ವಿರುದ್ಧ.

ಕನ್ನಡದ ಓದುಗರಿಗೆ ಇನ್ನೂ ಒಂದು ತೊಡಕಿದೆ. ಹಲವು ತಾಣಗಳು ಕೊಡುವ ಸುಲಭದ ನಿಯಮವೆಂದರೆ ಬೇಡದ ಪದವನ್ನು ಪಟ್ಟಿಗೆ ಸೇರಿಸುವುದು. ಕನ್ನಡದಲ್ಲಿ ವಿಭಕ್ತಿ, ಬಹುವಚನ, ಸಂಧಿಗಳಿಂದ ಒಂದು ಪದ ಹತ್ತಾರು ರೂಪ ತಾಳುತ್ತದೆ. ‘ಜೂಜು’ ಎಂದು ತಡೆದರೂ ‘ಜೂಜಿನ’, ‘ಜೂಜಾಟ’ ದಾಟಿ ಬರಬಹುದು. ಅದೇ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ಬಗೆಯಾಗಿ ಬರೆಯುವ ರೂಢಿ ಬೇರೆ. ಸದ್ಯಕ್ಕೆ ಪದದ ಬೇರೆ ಬೇರೆ ರೂಪಗಳನ್ನು ನಾವೇ ಪಟ್ಟಿಗೆ ಹಾಕಬೇಕು. ಯೂಟ್ಯೂಬ್‌ನಲ್ಲಿ ‘ಆಸಕ್ತಿಯಿಲ್ಲ’ ಬದಲು ‘ಈ ಚಾನೆಲ್ ಶಿಫಾರಸು ಮಾಡಬೇಡಿ’ ಒತ್ತಿ, ಹಿಸ್ಟರಿಯಿಂದಲೂ ಅಳಿಸಿ. ಕೆರಳಿಸುವ ಪೋಸ್ಟಿಗೆ ಉತ್ತರ ಬರೆಯುವ ಮುನ್ನ ಆ 13.5ನ್ನು ನೆನಪಿಸಿಕೊಳ್ಳಿ.

ಇಷ್ಟನ್ನೂ ಓದುಗರ ತಲೆಗೇ ಹೊರಿಸುವುದು ನ್ಯಾಯವಲ್ಲ. ಐರೋಪ್ಯ ಒಕ್ಕೂಟದ ಡಿಜಿಟಲ್ ಸರ್ವಿಸಸ್ ಆ್ಯಕ್ಟ್ ದೊಡ್ಡ ತಾಣಗಳ ಮೇಲೆ 2023ರ ಆಗಸ್ಟ್‌ನಿಂದ ಒಂದು ಹೊಣೆ ಹೊರಿಸಿದೆ: ಬಳಕೆದಾರರ ನಡವಳಿಕೆಯನ್ನು ಆಧರಿಸದ ಒಂದಾದರೂ ಫೀಡನ್ನು ಆಯ್ಕೆಗೆ ಇಡಲೇಬೇಕು. ನಮ್ಮ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲಿ ದೂರು ಅಧಿಕಾರಿಯನ್ನು ನೇಮಿಸಬೇಕೆಂಬ ಮಾತಿದೆ, ಫೀಡಿನ ಆಯ್ಕೆಯ ಮಾತಿಲ್ಲ. ಅದನ್ನು ಸೇರಿಸಬೇಕು, ಜತೆಗೆ ಬಳಕೆದಾರರ ‘ಬೇಡ’ವನ್ನು ನಿಯಮವಾಗಿ ಪಾಲಿಸಬೇಕೆಂಬ ಷರತ್ತನ್ನೂ ಸೇರಿಸಬೇಕು.