ಸಕಾರದ ಸಂಕಟ

ಹಿರಿಯರು ಬಿಟ್ಟುಹೋದ ವಸ್ತುಗಳಲ್ಲಿ ಎರಡು ಬಗೆ. ಕೆಲವು ಮುಟ್ಟದೆ ಇಟ್ಟರೆ ಉಳಿಯುತ್ತವೆ. ಕೆಲವು ಬಳಸಿದರೆ ಮಾತ್ರ ಬದುಕುತ್ತವೆ. ಗ್ರಾಮಫೋನ್ ತಟ್ಟೆ ಈ ಎರಡು ಬಗೆಗೂ ಸೇರಿದುದು; ಅದೇ ಅದರ ತೊಡಕು. ಬೀರುವಿನಲ್ಲಿಟ್ಟರೆ ಅದು ಮೂಕ. ಹಾಡಿಸಿದರೆ ಪ್ರತಿಯೊಂದು ಸಲವೂ ಅಷ್ಟಿಷ್ಟು ಸವೆಯುತ್ತದೆ. ಆ ಸವೆತವನ್ನು ತೀರ ಅಲ್ಪವಾಗಿಸುವ ವಿದ್ಯೆಯೊಂದಿದೆಯೆಂಬುದನ್ನು ನಾನು ಅರಿತುದು ತಡವಾಗಿ. ಅದೂ ಒಂದು ನಷ್ಟವನ್ನು ಕೈಯಾರೆ ತಂದುಕೊಂಡ ಮೇಲೆ. ಆ ಕಥೆಯನ್ನು ಹೇಳಿಕೊಂಡರೆ ನನ್ನಂತಹ ಇನ್ನೊಬ್ಬರ ತಟ್ಟೆಗಳಾದರೂ ಉಳಿದಾವು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ತಂದೆಯವರು ಮೈಸೂರಿನಲ್ಲಿ ಗುಮಾಸ್ತರಾಗಿದ್ದವರು. ಸಂಬಳ ಕಡಿಮೆ, ಸಂಗೀತದ ಹುಚ್ಚು ಹೆಚ್ಚು. ಅವರು ತೀರಿಕೊಂಡಾಗ ಮೂವತ್ತೆಂಟು ತಟ್ಟೆಗಳು ನನ್ನ ಪಾಲಿಗೆ ಬಂದುವು. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ಚೌಡಯ್ಯನವರ ಏಳು ತಂತಿಯ ಪಿಟೀಲು, 1963ರಲ್ಲಿ ಹೊರಬಂದ ಎಂ. ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ, ಹೀಗೆ. ಅವುಗಳನ್ನು ಹಾಡಿಸುತ್ತಿದ್ದ ಯಂತ್ರ ಮಾತ್ರ ಅವರಿಗಿಂತ ಮೊದಲೇ ಕಾಲವಾಗಿತ್ತು. ಎರಡು ವರ್ಷಗಳ ಹಿಂದೆ ನನ್ನ ಸೋದರಳಿಯ ಪೆಟ್ಟಿಗೆಯ ಆಕಾರದ ಒಂದು ಅಗ್ಗದ ಯಂತ್ರವನ್ನು ಉಡುಗೊರೆಯಾಗಿ ತಂದುಕೊಟ್ಟ. ಮುಚ್ಚಳ ತೆರೆದರೆ ತಟ್ಟೆ ತಿರುಗುವ ಪೀಠ, ಒಳಗೇ ಪುಟ್ಟ ಸ್ಪೀಕರು. ಅಂದಿನಿಂದ ದಿನವೂ ಬೆಳಗ್ಗೆ ಅಮ್ಮನಿಗಾಗಿ ಸುಪ್ರಭಾತದ ಮೊದಲ ಮುಖವನ್ನು ಹಾಕುವುದು ನಮ್ಮ ಮನೆಯ ವಾಡಿಕೆಯಾಯಿತು.

ಅಮ್ಮನ ವಿಷಯ ಒಂದು ಮಾತು ಹೇಳಬೇಕು. ಆಕೆ ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವಳು. ಸಕಾರ, ಶಕಾರ, ಷಕಾರಗಳನ್ನು ಬೆರಸಿ ಉಚ್ಚರಿಸುವುದು ಆಕೆಯ ಲೆಕ್ಕದಲ್ಲಿ ಕ್ಷಮೆಯಿಲ್ಲದ ಅಪರಾಧ. ಎಂಬತ್ತನಾಲ್ಕರ ವಯಸ್ಸಿನಲ್ಲಿ ಕಣ್ಣು ಮಂಜಾಗಿದ್ದರೂ ಕಿವಿ ಇನ್ನೂ ತರಗತಿಯಲ್ಲೇ ಕುಳಿತಿದೆ. ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಕಾಫಿಯ ಲೋಟವನ್ನು ಕೆಳಗಿಟ್ಟು ಕೇಳಿದಳು:

“ಏನೋ ಇದು? ಎಂ. ಎಸ್. ಬಾಯಲ್ಲಿ ಸಕಾರ ಒಡೆದುಹೋಗುತ್ತಿದೆಯಲ್ಲೋ!”

“ಹಳೆಯ ತಟ್ಟೆ ಅಲ್ಲವೇನಮ್ಮ,” ಎಂದೆ.

“ಅವರಿದ್ದಾಗಲೂ ಇದೇ ತಟ್ಟೆ. ಆಗ ಹೀಗೆ ಕೇಳುತ್ತಿರಲಿಲ್ಲ.”

ನಾನು ವಾದ ಬೆಳೆಸಲಿಲ್ಲ. ಆದರೆ ಮರುದಿನ ಗಮನವಿಟ್ಟು ಕೇಳಿದೆ. ಆಕೆ ಹೇಳಿದುದು ನಿಜ. ಸಕಾರ ಬಂದಲ್ಲೆಲ್ಲ ಕಾದ ಹೆಂಚಿಗೆ ನೀರೆರಚಿದಂತೆ ಸುಂಯ್ ಎನ್ನುತ್ತಿತ್ತು. ತಟ್ಟೆಯ ಒಳಭಾಗಕ್ಕೆ ಹೋದಂತೆಲ್ಲ ಅದು ಹೆಚ್ಚುತ್ತಿತ್ತು.

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ ಆಂಪ್ಲಿಫೈಯರುಗಳನ್ನು ದುರಸ್ತು ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಹಳಗನ್ನಡ ಪದ್ಯಗಳ ಅನ್ವಯ ಅವನಿಗೆ ಎಂದೂ ಕೈಹತ್ತಲಿಲ್ಲ. ತಂತಿಗಳ ಅನ್ವಯ ಮಾತ್ರ ಕರತಲಾಮಲಕ. ಪೆಟ್ಟಿಗೆಯನ್ನು ಅವನ ಮುಂದಿಟ್ಟೆ. ಅವನು ಚಿನಿವಾರರು ಬಳಸುವಂತಹ ಒಂದು ಸಣ್ಣ ತಕ್ಕಡಿಯನ್ನು ತೆಗೆದು ಅದರ ಮೇಲೆ ಮುಳ್ಳನ್ನು ಇಳಿಸಿದ. ಐದೂವರೆ ಗ್ರಾಂ ತೋರಿಸಿತು.

“ಸಾರ್, ಇದು ಹಾಡಿಸುತ್ತಿಲ್ಲ, ಉಳುತ್ತಿದೆ,” ಎಂದ.

ಅವನ ವಿವರಣೆಯ ಸಾರ ಇಷ್ಟು. ತಟ್ಟೆಯ ಗೀರಿಗೆ ಇಂಗ್ಲಿಷಿನ ವಿ ಅಕ್ಷರದಂತೆ ಎರಡು ಗೋಡೆಗಳು. ಸ್ಟೀರಿಯೋ ತಟ್ಟೆಯಲ್ಲಿ ಒಂದು ಗೋಡೆ ಎಡಕಿವಿಗೆ, ಇನ್ನೊಂದು ಬಲಕಿವಿಗೆ. ಮುಳ್ಳು ಇವೆರಡರ ನಡುವೆ ಕುಳಿತು ಅವುಗಳ ಏರಿಳಿತಕ್ಕೆ ತಕ್ಕಂತೆ ಅಲುಗಬೇಕು. ಅಗ್ಗದ ಪೆಟ್ಟಿಗೆಗಳಲ್ಲಿರುವುದು ಸಿರಾಮಿಕ್ ಕಾರ್ಟ್ರಿಜ್. ಮುಳ್ಳು ಅದರಲ್ಲಿರುವ ಗಟ್ಟಿ ಹರಳನ್ನು ಬಾಗಿಸಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ವಿದ್ಯುತ್ತು ಧಾರಾಳವಾಗಿ ಸಿಗುತ್ತದೆ, ಬೇರೆ ಉಪಕರಣ ಬೇಕಿಲ್ಲ. ಆದರೆ ಮುಳ್ಳು ಸುಲಭವಾಗಿ ಅಲುಗದು, ಆದುದರಿಂದ ಭಾರವನ್ನು ಹೇರಬೇಕು. ಚಲಿಸುವ ಅಯಸ್ಕಾಂತದ ಕಾರ್ಟ್ರಿಜ್ ಇದಕ್ಕಿಂತ ಸೌಮ್ಯ. ಅದಕ್ಕೆ ಸಾಧಾರಣವಾಗಿ ಎರಡು ಗ್ರಾಂ ಸಾಕು. ಬಿರುಸಾದ ಮುಳ್ಳು ಭಾರವಾಗಿ ಕುಳಿತರೆ ಗೀರಿನಲ್ಲಿರುವ ಅತಿ ಸೂಕ್ಷ್ಮವಾದ ಅಲೆಗಳೇ ಮೊದಲು ಅಳಿಯುತ್ತವೆ. ಸಕಾರ ಆ ಸೂಕ್ಷ್ಮ ಅಲೆಗಳ ಸಂತತಿ.

“ಅಳಿಸಿಹೋದುದು ಮತ್ತೆ ಬರುತ್ತದೆಯೇನಪ್ಪ?”

“ಇಲ್ಲ ಸಾರ್. ಉಳಿದಿರುವುದನ್ನು ಉಳಿಸಿಕೊಳ್ಳಬಹುದು.”

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ತಂದೆಯವರು ಮಕ್ಕಳ ಕೈಗೂ ಕೊಡದೆ ಕಾಪಾಡಿದ್ದ ತಟ್ಟೆಯನ್ನು ನಾನು ಭಕ್ತಿಯಿಂದ ದಿನವೂ ಕೆತ್ತಿ ಹಾಕಿದ್ದೆ.

ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿದೆ. ಶಿಷ್ಯನ ಸಲಹೆಯಂತೆ ತೋಳಿನ ಭಾರವನ್ನು ಹೊಂದಿಸಲು ಬರುವ ಒಂದು ಹಳೆಯ ಟರ್ನ್‌ಟೇಬಲನ್ನು ಕೊಂಡು, ಅದಕ್ಕೆ ಆಡಿಯೋ-ಟೆಕ್ನಿಕಾದ ವಿಎಂ95ಇ ಕಾರ್ಟ್ರಿಜ್ ಹಾಕಿಸಿದೆ. ಈ ಬಳಗದ ಒಂದು ಅನುಕೂಲವೆಂದರೆ ಒಡಲು ಒಂದೇ, ಮುಳ್ಳು ಬೇರೆ ಬೇರೆ. ಕೈಯಲ್ಲಿ ಹಣ ಕೂಡಿದಾಗ ಮುಳ್ಳನ್ನು ಮಾತ್ರ ಕಳಚಿ ಇನ್ನೂ ನುಣುಪಾದುದನ್ನು ಸೇರಿಸಬಹುದು. ಚೌಡಯ್ಯನವರ 78ರ ಅರಗಿನ ತಟ್ಟೆಗಂತೂ ಬೇರೆ ಮುಳ್ಳೇ ಬೇಕು. ಅದರ ಗೀರು ಲಾಂಗ್ ಪ್ಲೇ ಗೀರಿಗಿಂತ ಬಹಳ ಅಗಲ.

ಭಾರವನ್ನು ತೂಗಿ ಎರಡು ಗ್ರಾಮಿಗೆ ನಿಲ್ಲಿಸಿದೆವು. ಗೆರೆಗಳನ್ನು ಮುದ್ರಿಸಿದ ಒಂದು ಕಾಗದವನ್ನು ಪೀಠದ ಮೇಲಿಟ್ಟು ಮುಳ್ಳಿನ ಕೋನವನ್ನು ತಿದ್ದಿದೆವು. ಈ ತಿದ್ದುಪಡಿ ಒಳಗೀರುಗಳಿಗೆ ಬಹಳ ಮುಖ್ಯ. ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಯ ಹೊರಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಮುಳ್ಳಿನಡಿಯಲ್ಲಿ ಹರಿಯುತ್ತದೆ. ಒಳಅಂಚಿನಲ್ಲಿ ಸುಮಾರು 20 ಮಾತ್ರ. ಪುಟದ ಕೊನೆಯಲ್ಲಿ ಜಾಗ ಸಾಲದೆ ಅಕ್ಷರಗಳನ್ನು ಒತ್ತೊತ್ತಾಗಿ ಬರೆದಂತೆ. ಅಲ್ಲಿ ಮುಳ್ಳು ಓರೆಯಾಗಿದ್ದರೆ ಸಕಾರಕ್ಕೆ ಉಳಿಗಾಲವಿಲ್ಲ. ಕೊನೆಗೆ, ಮನೆ ಕಟ್ಟಿಸಿದಾಗ ಮಿಕ್ಕ ಒಂದು ಕಡಪ ಕಲ್ಲನ್ನು ರಬ್ಬರಿನ ತುಂಡುಗಳ ಮೇಲಿಟ್ಟು ಅದರ ಮೇಲೆ ಯಂತ್ರವನ್ನು ಕೂಡಿಸಿದೆವು. ನಡೆದಾಡಿದರೆ ಮುಳ್ಳು ಹಾರುತ್ತಿದ್ದುದು ನಿಂತಿತು. ಇವಕ್ಕೆಲ್ಲ ತಗುಲಿದ ಖರ್ಚು ಒಂದು ತಕ್ಕಡಿಯ ಬೆಲೆ.

ಇನ್ನು ಉಳಿದುದು ಫೋನೋ ಪ್ರಿಆಂಪ್. ಅಯಸ್ಕಾಂತದ ಕಾರ್ಟ್ರಿಜ್ ಕೊಡುವ ವಿದ್ಯುತ್ತು ಒಂದು ವೋಲ್ಟಿನ ಸಾವಿರದಲ್ಲಿ ನಾಲ್ಕು ಪಾಲು. ಅದನ್ನು ನೂರು ಪಟ್ಟು ಹಿಗ್ಗಿಸಿದರೆ ಮಾತ್ರ ಆಂಪ್ಲಿಫೈಯರಿಗೆ ಕೇಳಿಸುತ್ತದೆ. ಆದರೆ ಹಿಗ್ಗಿಸುವುದಷ್ಟೇ ಅದರ ಕೆಲಸವಲ್ಲ. ತಟ್ಟೆಯಲ್ಲಿ ನಾದವನ್ನು ಇದ್ದುದಿದ್ದಂತೆ ಕೊರೆಯುವುದಿಲ್ಲ. ಮಂದ್ರವನ್ನು ಪೂರ್ಣ ಬಲದಲ್ಲಿ ಕೊರೆದರೆ ಗೀರು ತೂಗಾಡಿ ಪಕ್ಕದ ಗೀರಿಗೆ ಹಾಯುತ್ತದೆ. ಆದುದರಿಂದ ಅದನ್ನು ತಗ್ಗಿಸುತ್ತಾರೆ. ಮೇಲಿನ ಸೂಕ್ಷ್ಮ ನಾದಗಳು ತಟ್ಟೆಯ ಸರಸರ ಸದ್ದಿನಲ್ಲಿ ಮುಳುಗದಂತೆ ಅವನ್ನು ಹೆಚ್ಚಿಸುತ್ತಾರೆ. ನಮ್ಮ ಓಲೆಗರಿಗಳಲ್ಲಿ ಎಕಾರ ಏಕಾರಗಳ ಭೇದವನ್ನು ಎಷ್ಟೋ ಕಡೆ ಬರೆದಿರುವುದಿಲ್ಲ. ಓದುವವನು ತಾನೇ ತಿಳಿದು ಸರಿಪಡಿಸಿಕೊಳ್ಳಬೇಕು. ಇದೂ ಹಾಗೆಯೇ. ಮೊದಲು ಒಂದೊಂದು ಕಂಪನಿಯದು ಒಂದೊಂದು ಪದ್ಧತಿಯಾಗಿತ್ತು. 1954ರಲ್ಲಿ ಅಮೆರಿಕದ ಧ್ವನಿಮುದ್ರಣೋದ್ಯಮದ ಸಂಘ ಆರ್‌ಐಎಎ ಎಂಬ ಹೆಸರಿನ ಒಂದು ರೇಖೆಯನ್ನು ಗೊತ್ತುಮಾಡಿತು. ಅದರಂತೆ, 1,000 ಹರ್ಟ್ಸ್ ನಾದಕ್ಕೆ ಹೋಲಿಸಿದರೆ, 20 ಹರ್ಟ್ಸ್‌ನ ನಾದವನ್ನು ಒಂಬತ್ತು ಪಟ್ಟಿಗಿಂತ ಹೆಚ್ಚು ಏರಿಸಬೇಕು. 20,000 ಹರ್ಟ್ಸ್‌ನ ನಾದವನ್ನು ಹೆಚ್ಚುಕಡಿಮೆ ಅಷ್ಟೇ ಪಟ್ಟು ಇಳಿಸಬೇಕು. ಪ್ರಿಆಂಪ್ ಎಂದರೆ ಈ ಗ್ರಂಥಸಂಪಾದನೆಯನ್ನು ಮಾಡುವ ಪಂಡಿತ.

ಇಲ್ಲಿ ನಾನು ಎರಡನೆಯ ಸಲ ಮೋಸಹೋದೆ. ಶಿಷ್ಯ ಊರಿನಲ್ಲಿ ಇರಲಿಲ್ಲ. ಒಂದು ಅಂಗಡಿಯಲ್ಲಿ, ಒಳಗೆ ಎರಡು ಗಾಜಿನ ವಾಲ್ವುಗಳು ದೀಪದಂತೆ ಬೆಳಗುತ್ತಿದ್ದ ಪ್ರಿಆಂಪೊಂದನ್ನು ಕಂಡೆ. ನಮ್ಮ ಹಳೆಯ ರೇಡಿಯೋ ನೆನಪಾಯಿತು. ಕಾರ್ಟ್ರಿಜ್ಜಿಗೆ ಕೊಟ್ಟುದರ ಎರಡರಷ್ಟು ಹಣ ಕೊಟ್ಟು ತಂದು, ಉದ್ದವಾದ ಒಂದು ತಂತಿಯಿಂದ ಜೋಡಿಸಿ ಹಾಡಿಸಿದೆ. ಸಕಾರ ಮತ್ತೆ ಮೊನೆಯಾಯಿತು! ವೀಣೆಯ ತಟ್ಟೆ ಹಾಕಿದರೆ ಹಿಂದಿನಿಂದ ಗುಂಯ್ ಎಂದು ಇನ್ನೊಂದು ಶ್ರುತಿ. ಅಮ್ಮ ಏನೂ ಹೇಳಲಿಲ್ಲ. ಹೇಳದಿದ್ದುದೇ ನನಗೆ ಹೆಚ್ಚು ನಾಟಿತು.

ಶಿಷ್ಯ ಬಂದವನು ದೀಪಗಳನ್ನು ನೋಡಿ ನಕ್ಕ. ಪೆಟ್ಟಿಗೆಯ ಜೊತೆಗೆ ಬಂದಿದ್ದ ಚೀಟಿಯನ್ನು ತೆಗೆದು ಓದಿದ. ಕಾರ್ಟ್ರಿಜ್ಜಿಗೆ ಎದುರಾಗಬೇಕಾದ ತಡೆ 47,000 ಓಮ್, ಇದು ಸರಿಯಾಗಿತ್ತು. ಆದರೆ ಅದರ ಜೊತೆಗೆ ಕೆಪಾಸಿಟೆನ್ಸ್ ಎಂಬ ಇನ್ನೊಂದು ಹೊರೆಯುಂಟು. ನನ್ನ ಕಾರ್ಟ್ರಿಜ್ ಬಯಸುವುದು ಒಟ್ಟು 100ರಿಂದ 200 ಪಿಕೋಫ್ಯಾರಡ್. ಪ್ರಿಆಂಪಿನ ಒಳಗೇ 220. ಮೇಲೆ ಆ ಉದ್ದ ತಂತಿಯದೂ ತೋಳಿನದೂ ಸೇರಿ ಲೆಕ್ಕ ಎರಡರಷ್ಟಾಗಿತ್ತು. ಹೊರೆ ಹೀಗೆ ಮಿತಿಮೀರಿದರೆ ಮೇಲಿನ ನಾದದಲ್ಲಿ ಒಂದು ಗುಡ್ಡ ಏಳುತ್ತದೆ, ಅದರಾಚೆ ಕುಸಿತ. ಸಕಾರ ಆ ಗುಡ್ಡದ ತಪ್ಪಲಿನಲ್ಲೇ ವಾಸಿಸುವುದು. ಇನ್ನು ಗುಂಯ್ ಎಂಬ ಶ್ರುತಿ ನಮ್ಮ ಮನೆಯ ವಿದ್ಯುತ್ತಿನದು. ಅದರ ಕಂಪನ 50 ಹರ್ಟ್ಸ್. ಆರ್‌ಐಎಎ ರೇಖೆ ಆ ನಾದವನ್ನು ಏಳು ಪಟ್ಟು ಏರಿಸುತ್ತದೆ. ಟರ್ನ್‌ಟೇಬಲಿನಿಂದ ಬರುವ ಭೂತಂತಿಯನ್ನು ಪ್ರಿಆಂಪಿನ ತಿರುಪಿಗೆ ಬಿಗಿಯುವುದನ್ನೇ ನಾನು ಮರೆತಿದ್ದೆ.

ಅಂಗಡಿಯವರು ಅರ್ಧ ಬೆಲೆ ಕಳೆದುಕೊಂಡು ಪೆಟ್ಟಿಗೆಯನ್ನು ಹಿಂದಕ್ಕೆ ಪಡೆದರು. ಅದರ ಸ್ಥಳಕ್ಕೆ ಬಂದುದು ಸೋಪಿನ ಡಬ್ಬಿಯಷ್ಟು ದೊಡ್ಡದಾದ, ಯಾವ ದೀಪವೂ ಬೆಳಗದ ಒಂದು ಲೋಹದ ಡಬ್ಬಿ. ಅದರ ಬೆನ್ನಿನಲ್ಲಿ ಕೆಪಾಸಿಟೆನ್ಸನ್ನು 100ಕ್ಕೆ ಇಳಿಸುವ ಒಂದು ಗುಂಡಿಯಿದೆ, ತಟ್ಟೆಯ ಡೊಂಕಿನಿಂದ ಹುಟ್ಟುವ ಕಿವಿಗೆ ನಿಲುಕದ ನಡುಕವನ್ನು ತಡೆಯುವ ಇನ್ನೊಂದು ಗುಂಡಿಯಿದೆ. ಅತಿ ಕ್ಷೀಣ ವಿದ್ಯುತ್ತನ್ನು ಕೊಡುವ ಚಲಿಸುವ ಸುರುಳಿಯ ಕಾರ್ಟ್ರಿಜ್ಜುಗಳಿಗೆ ಬೇಕಾದ ಸಾವಿರ ಪಟ್ಟಿನ ಹಿಗ್ಗಿಸುವಿಕೆ ಇದರಲ್ಲಿಲ್ಲ. ನನಗೆ ಅದು ಬೇಕಾಗಿಯೂ ಇಲ್ಲ. ಸಣ್ಣ ತಂತಿ ಹಾಕಿದೆವು, ಭೂತಂತಿ ಬಿಗಿದೆವು. ಗುಂಯ್ ಎನ್ನುತ್ತಿದ್ದುದು ಅಡಗಿತು.

ಕೊಳ್ಳಹೊರಡುವವರಿಗೆ ನಾನು ಹೇಳಬಹುದಾದುದು ಇಷ್ಟೇ. ಮೊದಲು ಭಾರವನ್ನು ತೂಗಿ, ಆಮೇಲೆ ಮುಳ್ಳು ಮತ್ತು ಅದರ ಕೋನ, ಪ್ರಿಆಂಪ್ ಕೊನೆಗೆ. ಅದನ್ನು ಆರಿಸುವಾಗ ಅದರ ಅಂದವನ್ನು ನೋಡುವ ಮೊದಲು ನಿಮ್ಮ ಕಾರ್ಟ್ರಿಜ್ಜಿನ ಚೀಟಿಯನ್ನು ಓದಿಕೊಳ್ಳಿ. ವರನನ್ನು ಮೆಚ್ಚುವ ಮುನ್ನ ವಧುವನ್ನು ಕೇಳುವುದು ನ್ಯಾಯ.

ಎಲ್ಲ ಸಿದ್ಧವಾದ ದಿನ ಸುಪ್ರಭಾತದ ಎರಡನೆಯ ಮುಖವನ್ನು ಹಾಕಿದೆ. ಆ ಮುಖವನ್ನು ಪೆಟ್ಟಿಗೆಯಲ್ಲಿ ನಾವು ಹಾಕಿದ್ದುದು ನಾಲ್ಕಾರು ಸಲ ಮಾತ್ರ. ಅಮ್ಮ ಕಣ್ಣು ಮುಚ್ಚಿ ಕೇಳಿದಳು. ಸಕಾರ ಸಕಾರವಾಗಿ, ಶಕಾರ ಶಕಾರವಾಗಿ ಬಂದುವು. ಮುಳ್ಳು ಒಳಅಂಚನ್ನು ಮುಟ್ಟಿದಾಗ, “ಈಗ ಪಾಠ ಕಲಿತಿದೆ,” ಎಂದಳು. ಪಾಠ ಕಲಿತುದು ಯಂತ್ರವೋ ನಾನೋ ಎಂಬುದನ್ನು ಆಕೆ ಬಿಡಿಸಿ ಹೇಳಲಿಲ್ಲ.

ಆಮೇಲೆ ಮೊದಲ ಮುಖವನ್ನೂ ಹಾಕೆಂದಳು. ನಾನು ಹಿಂದೆಮುಂದೆ ನೋಡಿದೆ. ಅಲ್ಲಿ ಏನು ಕೇಳಿಸುವುದೆಂದು ನನಗೆ ಗೊತ್ತಿತ್ತು. ಹಾಕಿದೆ. ಮೊದಲಿಗಿಂತ ಎಷ್ಟೋ ಮೇಲು. ಆದರೂ ಅಲ್ಲಲ್ಲಿ ಸಕಾರ ಒಡೆಯುತ್ತಿತ್ತು. ಒಳ್ಳೆಯ ಮುಳ್ಳು ಇದ್ದುದನ್ನು ಓದೀತು, ಇಲ್ಲದುದನ್ನು ಎಲ್ಲಿಂದ ತಂದೀತು? ಹೊಸ ತಟ್ಟೆಯನ್ನು ಹುಡುಕಿ ತರುತ್ತೇನೆಂದೆ. ಅಮ್ಮ ಬೇಡವೆಂದು ಕೈಯಾಡಿಸಿದಳು.

“ಇದು ಅವರು ತಂದದ್ದು. ವಾರಕ್ಕೊಂದು ಸಲ ಹಾಕು, ಸಾಕು,” ಎಂದಳು.

ಈಗ ಪ್ರತಿ ಶನಿವಾರ ಬೆಳಗ್ಗೆ ಅದನ್ನು ಹಾಕುತ್ತೇನೆ. ಹಾಕುವ ಮುನ್ನ ಮೆತ್ತನೆಯ ಕುಂಚದಿಂದ ಧೂಳು ತೆಗೆಯುತ್ತೇನೆ. ತಿಂಗಳಿಗೊಮ್ಮೆ ಮುಳ್ಳಿನ ಭಾರವನ್ನು ತೂಗಿ ನೋಡುತ್ತೇನೆ. ಒಡೆದ ಸಕಾರ ಬಂದೆಡೆಯಲ್ಲಿ ಅಮ್ಮ ತಾನೇ ಮೆಲ್ಲಗೆ ಆ ಅಕ್ಷರವನ್ನು ಉಚ್ಚರಿಸಿ ತುಂಬಿಕೊಡುತ್ತಾಳೆ.