ನಲವತ್ತು ವರ್ಷ ಕಾದು ಬರುವ ಕಾಯಿಲೆ

ಇಟಲಿಯ ವಾಯವ್ಯ ಭಾಗದಲ್ಲಿ, ಪೋ ನದಿಯ ದಂಡೆಯ ಮೇಲೆ ಕಸಾಲೆ ಮೊನ್ಫೆರಾಟೊ ಎಂಬ ಊರಿದೆ. 1907ರಿಂದ 1986ರವರೆಗೆ ಅಲ್ಲಿ ಎಟರ್ನಿಟ್ ಕಂಪನಿಯ ಕಾರ್ಖಾನೆ ನಡೆಯಿತು. ಕಲ್ನಾರನ್ನು, ಅಂದರೆ ಆಸ್ಬೆಸ್ಟಾಸನ್ನು, ಸಿಮೆಂಟಿನ ಜೊತೆ ಕಲಸಿ ಚಾವಣಿಯ ಶೀಟು, ನೀರಿನ ಪೈಪು ಮಾಡುವ ಕಾರ್ಖಾನೆ ಅದು. ಊರಿನ ಎಷ್ಟೋ ಮನೆಗಳಿಗೆ ಅದರಿಂದಲೇ ಅನ್ನ. ಸಂಜೆಗೆ ಗಂಡಸರು ಮೈತುಂಬ ದೂಳು ಹೊತ್ತು ಮನೆಗೆ ಬರುತ್ತಿದ್ದರು, ಹೆಂಗಸರು ಆ ಬಟ್ಟೆ ಕೊಡವಿ ಒಗೆಯುತ್ತಿದ್ದರು. ಪೈಪು ಉಜ್ಜುವಾಗ ಉದುರಿದ ಪುಡಿಯನ್ನೂ ಜನ ಬಿಡಲಿಲ್ಲ. ಅಂಗಳಕ್ಕೆ ಹರಡಿದರು, ಮನೆ ಬೆಚ್ಚಗಿರಲೆಂದು ಅಟ್ಟದಲ್ಲಿ ಸುರಿದರು.

ಈ ದೂಳು ತರುವ ಮೆಸೊಥೆಲಿಯೋಮಾ ಜಗತ್ತಿನಲ್ಲಿ ಬಲು ಅಪರೂಪದ ಕ್ಯಾನ್ಸರ್. ಕಸಾಲೆಯಲ್ಲಿ ಮಾತ್ರ ಅದು ಅಪರೂಪವಾಗಿ ಉಳಿಯಲಿಲ್ಲ. ಕಾರ್ಮಿಕರಿಗೆ ಬಂತು, ಬಟ್ಟೆ ಒಗೆದವರಿಗೆ ಬಂತು, ಕಾರ್ಖಾನೆಯ ಗೇಟಿನೊಳಗೆ ಕಾಲಿಡದವರಿಗೂ ಬಂತು. ಕಾರ್ಖಾನೆ ಮುಚ್ಚಿ ದಶಕಗಳು ಕಳೆದ ಮೇಲೂ ಹೊಸ ರೋಗಿಗಳು ಕಾಣಿಸಿಕೊಳ್ಳುತ್ತಲೇ ಇದ್ದರು.

ನಮ್ಮ ಶ್ವಾಸಕೋಶದ ಸುತ್ತ ಎರಡು ಪದರದ ತೆಳುವಾದ ಪೊರೆಯಿದೆ. ಉಸಿರಾಡುವಾಗ ಶ್ವಾಸಕೋಶ ಎದೆಗೂಡಿಗೆ ಉಜ್ಜದೆ ಸರಾಗವಾಗಿ ಹಿಗ್ಗಲು, ಕುಗ್ಗಲು ಈ ಪೊರೆ ಬೇಕು. ಮೆಸೊಥೆಲಿಯೋಮಾ ಹುಟ್ಟುವುದು ಹೆಚ್ಚಾಗಿ ಇಲ್ಲೇ. ಕೆಲವೊಮ್ಮೆ ಹೊಟ್ಟೆಯ ಒಳಪೊರೆಯಲ್ಲೂ ಹುಟ್ಟುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಇದಲ್ಲ, ಅದು ಬೇರೆ. ಕಲ್ನಾರಿನ ದೂಳು ಅದನ್ನೂ ತರುತ್ತದೆ, ಬೀಡಿ ಸಿಗರೇಟು ಸೇದುವವರಲ್ಲಂತೂ ಆ ಅಪಾಯ ಹಲವು ಪಟ್ಟು ಏರುತ್ತದೆ. ಆದರೆ ಮೆಸೊಥೆಲಿಯೋಮಾಕ್ಕೆ ಧೂಮಪಾನ ಕಾರಣವಲ್ಲ. ಒಂದು ಬೀಡಿಯನ್ನೂ ಮುಟ್ಟದವರಿಗೂ ಇದು ಬರಬಹುದು.

ಕಲ್ನಾರು ನೆಲದೊಳಗಿನ ಖನಿಜ. ಸೀಳಿದಷ್ಟೂ ಸೀಳಿಕೊಳ್ಳುವುದು ಅದರ ಗುಣ. ಕೊನೆಗೆ ಉಳಿಯುವ ಎಳೆಗಳು ಕಣ್ಣಿಗೆ ಕಾಣವು, ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಉಸಿರಿನೊಂದಿಗೆ ಒಳಹೊಕ್ಕ ಎಳೆಯನ್ನು ತಿಂದು ತೆಗೆಯಲು ದೇಹದ ಭಕ್ಷಕ ಕಣಗಳು ಧಾವಿಸುತ್ತವೆ. ಆದರೆ ಎಳೆ ಕಣಕ್ಕಿಂತ ಉದ್ದ. ಬಿಸಿ ತುಪ್ಪ ಬಾಯಿಗೆ ಬಿದ್ದಂತೆ, ನುಂಗಲೂ ಆಗದು, ಉಗುಳಲೂ ಆಗದು. ಹೆಣಗಾಡಿ ಕಣ ಸಾಯುತ್ತದೆ, ಅದರಿಂದ ಸುರಿದ ರಾಸಾಯನಿಕಗಳು ಸುತ್ತಲಿನ ಅಂಗಾಂಶವನ್ನು ಸುಡುತ್ತವೆ. ಎಳೆ ಮಾತ್ರ ಹಾಗೇ ಇರುತ್ತದೆ. ಇನ್ನೊಂದು ಕಣ ಬರುತ್ತದೆ, ಅದೂ ಸಾಯುತ್ತದೆ. ಈ ಉರಿಯೂತ ವರ್ಷಗಟ್ಟಲೆ ನಡೆದು, ಪೊರೆಯ ಜೀವಕೋಶಗಳ ಡಿಎನ್ಎ ಹಾಳಾಗಿ, ಅವುಗಳ ಬೆಳವಣಿಗೆ ಹದ ತಪ್ಪುತ್ತದೆ. ದೂಳು ಕುಡಿದ ದಿನಕ್ಕೂ ಕಾಯಿಲೆ ತಲೆಯೆತ್ತುವ ದಿನಕ್ಕೂ ನಡುವೆ ಸಾಮಾನ್ಯವಾಗಿ 20ರಿಂದ 40 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು.

ಕಲ್ನಾರಿಗೂ ಈ ಕಾಯಿಲೆಗೂ ಇರುವ ನಂಟು ವೈದ್ಯರ ಕಣ್ಣಿಗೆ ಇಷ್ಟು ತಡವಾಗಿ ಬಿದ್ದದ್ದೂ ಅದಕ್ಕೇ. ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ಕ್ಷಯರೋಗ ಆಸ್ಪತ್ರೆಯಲ್ಲಿ ಕೆಲವು ರೋಗಿಗಳ ಎದೆಯಲ್ಲಿ ನೀರು ತುಂಬುತ್ತಿತ್ತು, ಕ್ಷಯದ ಔಷಧಕ್ಕೆ ಜಗ್ಗುತ್ತಿರಲಿಲ್ಲ. ಅಲ್ಲಿನ ವೈದ್ಯ ಸ್ಲೆಗ್ಸ್, ರೋಗಶಾಸ್ತ್ರಜ್ಞ ವ್ಯಾಗ್ನರ್ ಮತ್ತು ಶಸ್ತ್ರಚಿಕಿತ್ಸಕ ಮಾರ್ಶಾಂಡ್ ಸೇರಿ ಒಬ್ಬೊಬ್ಬರ ಹಳೆಯ ಬದುಕನ್ನು ಕೆದಕಿ ಕೇಳಿದರು. ಎಲ್ಲಿ ಹುಟ್ಟಿದ್ದು? ಎಲ್ಲಿ ಆಡಿ ಬೆಳೆದದ್ದು? 1960ರಲ್ಲಿ ಅವರು 33 ರೋಗಿಗಳ ವಿವರ ಪ್ರಕಟಿಸಿದರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಕಲ್ನಾರಿನ ಒಂದು ಬಗೆಯಾದ ನೀಲಿ ಕಲ್ನಾರಿನ ಸಂಪರ್ಕಕ್ಕೆ ಬಂದಿದ್ದ ಸಾಧ್ಯತೆಯಿತ್ತು. ಅವರಲ್ಲಿ ಹಲವರು ಕಲ್ನಾರಿನ ಗಣಿಗೆ ಇಳಿದವರೇ ಅಲ್ಲ, ಗಣಿಯ ಆಸುಪಾಸಿನಲ್ಲಿ ಬಾಲ್ಯ ಕಳೆದವರು. ಔದ್ಯೋಗಿಕ ಆರೋಗ್ಯದ ಚರಿತ್ರೆಯಲ್ಲಿ ಇಷ್ಟು ಸರಳವಾದ ಪ್ರಶ್ನೆ ಇಷ್ಟು ದೊಡ್ಡ ಉತ್ತರ ತಂದ ಉದಾಹರಣೆಗಳು ಕಡಿಮೆ.

ಕಾಯಿಲೆ ತಲೆಯೆತ್ತುವ ಈ ತಡ ನ್ಯಾಯಾಲಯದಲ್ಲೂ ಕಸಾಲೆಯ ಸಂತ್ರಸ್ತರನ್ನು ಸೋಲಿಸಿತು. 2012ರಲ್ಲಿ ಇಟಲಿಯ ಟ್ಯೂರಿನ್ ನ್ಯಾಯಾಲಯ ಎಟರ್ನಿಟ್ ಮಾಲೀಕರಿಗೆ 16 ವರ್ಷ ಜೈಲು ವಿಧಿಸಿತು, ಮೇಲ್ಮನವಿಯಲ್ಲಿ ಅದು 18 ವರ್ಷಕ್ಕೆ ಏರಿತು. 2014ರಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯ, ಕಾನೂನಿನ ಕಾಲಮಿತಿ ಮೀರಿದೆಯೆಂದು ಆ ಶಿಕ್ಷೆಯನ್ನು ರದ್ದುಮಾಡಿತು. ಜನ ಇನ್ನೂ ಸಾಯುತ್ತಿರುವಾಗಲೇ ಅಪರಾಧ ಹಳತಾಯಿತೆಂದರೆ ಆ ಕಾನೂನು ಈ ಕಾಯಿಲೆಗೆ ಹೊಂದುವಂಥದಲ್ಲ.

ಮೆಸೊಥೆಲಿಯೋಮಾದ ಲಕ್ಷಣಗಳು ಮೊದಮೊದಲು ಸಾಧಾರಣ: ಮೆಟ್ಟಿಲು ಹತ್ತಿದರೆ ಏದುಸಿರು, ಎದೆಯ ಒಂದು ಬದಿ ನೋವು, ತೂಕ ಇಳಿಕೆ. ಸಿಟಿ ಸ್ಕ್ಯಾನ್ ಸುಳಿವು ಕೊಡುತ್ತದೆ, ಆದರೆ ಪೊರೆಯ ತುಣುಕು ತೆಗೆದು ಬಯಾಪ್ಸಿ ಮಾಡಿದ ಮೇಲೆಯೇ ಖಚಿತ. ಪೂರ್ತಿ ಗುಣವಾಗುವುದು ತೀರ ವಿರಳ. ಸಿಸ್ಪ್ಲಾಟಿನ್ ಮತ್ತು ಪೆಮೆಟ್ರೆಕ್ಸೆಡ್ ಎಂಬ ಎರಡು ಔಷಧಗಳ ಜೋಡಿ 2003ರ ಅಧ್ಯಯನದಲ್ಲಿ ರೋಗಿಗಳ ಆಯುಸ್ಸನ್ನು ಸುಮಾರು 9 ತಿಂಗಳಿಂದ 12 ತಿಂಗಳಿಗೆ ಹೆಚ್ಚಿಸಿತು. ಈಚೆಗೆ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಚಿಕಿತ್ಸೆ, ಅದನ್ನು 18 ತಿಂಗಳವರೆಗೆ ಒಯ್ದಿದೆ. ಇವು ಸರಾಸರಿಯ ಲೆಕ್ಕ, ಒಬ್ಬೊಬ್ಬರ ಹಣೆಬರಹವಲ್ಲ. ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೋಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಮೆಸೊಥೆಲಿಯೋಮಾ ಪತ್ತೆಯಾಯಿತು. ಅವರು ಮತ್ತೂ 20 ವರ್ಷ ಬದುಕಿ, ಬರೆದು, ಬೇರೊಂದು ಕ್ಯಾನ್ಸರಿನಿಂದ ತೀರಿಕೊಂಡರು.

ನೀಲಿ ಕಲ್ನಾರು ಕೆಟ್ಟದ್ದು, ಬಿಳಿಯದು ನಿರಪಾಯಕಾರಿ ಎಂಬ ವಾದವನ್ನು ಉದ್ಯಮ ಬಹುಕಾಲ ಮುಂದಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪುವುದಿಲ್ಲ, ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕ. ಬ್ರಿಟನ್ 1999ರಲ್ಲಿ, ಕೆನಡಾ 2018ರಲ್ಲಿ ನಿಷೇಧ ತಂದವು. ಭಾರತದಲ್ಲಿ ಕಲ್ನಾರಿನ ಹೊಸ ಗಣಿಗಳಿಗೆ 1986ರಿಂದ ತಡೆಯಿದೆ, ಆದರೆ ಬಿಳಿ ಕಲ್ನಾರು ರಷ್ಯಾ ಮೊದಲಾದ ದೇಶಗಳಿಂದ ಬಂದು ಶೀಟಾಗುತ್ತಲೇ ಇದೆ. ಕಾರ್ಮಿಕರ ಆರೋಗ್ಯ ದಾಖಲೆಯನ್ನು 40 ವರ್ಷ ಕಾಯ್ದಿಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಆದೇಶಿಸಿತು. ದಿನಗೂಲಿಗೆ ಶೀಟು ಕೊಯ್ಯುವವನ ದಾಖಲೆ ಇಡುವವರು ಯಾರು?

ಕರ್ನಾಟಕದ ಹಳ್ಳಿ ಪೇಟೆಗಳಲ್ಲಿ ಶೀಟಿನ ಮನೆಗೆ, ದನದ ಕೊಟ್ಟಿಗೆಗೆ, ಗೋದಾಮಿಗೆ ಲೆಕ್ಕವಿಲ್ಲ. ಮೇಲೆ ಗಟ್ಟಿಯಾಗಿ ಕೂತಿರುವ ಶೀಟನ್ನು ಕಂಡು ಗಾಬರಿಯಾಗಬೇಕಿಲ್ಲ. ಅಪಾಯವಿರುವುದು ಅದನ್ನು ಮಷಿನ್ನಿನಿಂದ ಕೊಯ್ಯುವಾಗ, ತೂತು ಕೊರೆಯುವಾಗ, ತಂತಿ ಬ್ರಷ್ಷಿನಿಂದ ಪಾಚಿ ಕೆರೆಯುವಾಗ, ಹಳೆಯದನ್ನು ಒಡೆದು ಕೆಡವುವಾಗ. ಮುಖಕ್ಕೆ ಕಟ್ಟಿದ ಟವೆಲ್ಲು ಈ ಎಳೆಗಳನ್ನು ತಡೆಯದು. ಶೀಟು ಇಳಿಸಲೇಬೇಕಾದರೆ ಮೊದಲು ನೀರು ಹಾಕಿ ನೆನೆಸಬೇಕು, ಒಡೆಯದೆ ಇಡಿಯಾಗಿ ಬಿಚ್ಚಬೇಕು, ದೂಳನ್ನು ಒಣ ಕಸಬರಿಕೆಯಿಂದ ಗುಡಿಸಬಾರದು, ಕೆಲಸದ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಸೇರಿಸಬಾರದು.

ಶೀಟು, ಪೈಪು, ಬ್ರೇಕ್ ಲೈನಿಂಗ್, ಬಾಯ್ಲರ್ ಹೊದಿಕೆಯ ಕೆಲಸ ಮಾಡಿದ್ದವರು, ಅಂಥವರ ಬಟ್ಟೆ ಒಗೆದಿದ್ದವರು, ಏದುಸಿರೆಂದು ವೈದ್ಯರ ಬಳಿ ಹೋದಾಗ ಆ ಸಂಗತಿಯನ್ನು ತಾವಾಗಿ ಹೇಳಬೇಕು, ಅದು 30 ವರ್ಷ ಹಿಂದಿನದಾದರೂ ಸರಿ. ವೈದ್ಯರೂ ಈಗಿನ ಉದ್ಯೋಗವನ್ನಷ್ಟೇ ಬರೆದುಕೊಳ್ಳದೆ, ಹಿಂದೆ ಮಾಡಿದ ಕೆಲಸವೇನೆಂದು ಕೇಳಬೇಕು.