ಮರಳಿ ಕರೆಯಲಾರದ ಅತಿಥಿ: ಕೊಂಕಣಿ ಕಥೋಲಿಕರ ಆತಿಥ್ಯಾಚರಣೆಗಳಲ್ಲಿ ಶ್ರದ್ಧೆಯ ನೆಲೆ

ಆತಿಥ್ಯವು ಯಾವುದೇ ಒಂದು ಮತಧರ್ಮದ ಸ್ವತ್ತಲ್ಲ. ತುಳುನಾಡಿನಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು ಕೊಟ್ಟು ಅನಂತರ ಮಾತಿಗೆ ತೊಡಗುವ ಪದ್ಧತಿ ಮತಭೇದವಿಲ್ಲದೆ ನಡೆದುಬಂದಿದೆ. ಹೀಗಿರುವಾಗ ಕರಾವಳಿಯ ಕ್ರೈಸ್ತ ಮನೆಯ ಆತಿಥ್ಯವನ್ನು ಕ್ರೈಸ್ತ ಶ್ರದ್ಧೆಯ ಅಭಿವ್ಯಕ್ತಿ ಎಂದು ಕರೆಯಲು ಆಧಾರವೇನು? ಪ್ರದೇಶದ ಸಾಮಾನ್ಯ ಸೌಜನ್ಯ ಎಲ್ಲಿ ಮುಗಿಯುತ್ತದೆ, ಶ್ರದ್ಧೆ ಎಲ್ಲಿ ಮೊದಲಾಗುತ್ತದೆ? ಗೋವಾ ಹಾಗೂ ದಕ್ಷಿಣ ಕನ್ನಡ-ಉಡುಪಿ ಜಿಲ್ಲೆಗಳ ಕೊಂಕಣಿ ಕಥೋಲಿಕರ ಮೂರು ಆಚರಣೆಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಧರ್ಮಗ್ರಂಥದ ನೆಲೆ

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಆತಿಥ್ಯಕ್ಕೆ ಬಳಕೆಯಾಗಿರುವ ಪದ 'ಫಿಲೋಕ್ಸೇನಿಯಾ'. ಅಪರಿಚಿತನ ಮೇಲಿನ ಪ್ರೀತಿ ಎಂಬುದು ಅದರ ಶಬ್ದಾರ್ಥ. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದ ಅಂತಿಮ ತೀರ್ಪಿನ ಚಿತ್ರದಲ್ಲಿ ಹಸಿದವನಿಗೆ ಉಣಬಡಿಸಿದ್ದು, ಪರಕೀಯನಿಗೆ ಆಶ್ರಯವಿತ್ತದ್ದು ಸ್ವತಃ ಕ್ರಿಸ್ತನಿಗೇ ಸಂದಿತೆಂದು ಹೇಳಲಾಗಿದೆ. ಹಾಗೆ ಉಪಚರಿಸಿದವರಿಗೆ ತಾವು ಯಾರನ್ನು ಉಪಚರಿಸಿದೆವೆಂಬುದು ತಿಳಿದಿರಲಿಲ್ಲ ಎಂಬ ಅಂಶ ಇಲ್ಲಿ ಗಮನಾರ್ಹ. ಲೂಕನ ಶುಭಸಂದೇಶದ 14ನೆಯ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಔತಣ ಮಾಡುವವನು ಬಂಧುಗಳನ್ನಾಗಲಿ ಸಿರಿವಂತ ನೆರೆಯವರನ್ನಾಗಲಿ ಕರೆಯದೆ, ಪ್ರತಿಯಾಗಿ ಕರೆಯಲು ಶಕ್ತಿಯಿಲ್ಲದ ಬಡವರನ್ನು, ಅಂಗವಿಕಲರನ್ನು, ಕುರುಡರನ್ನು ಕರೆಯಬೇಕೆಂಬುದು ಅಲ್ಲಿನ ಬೋಧನೆ.

ಆರನೆಯ ಶತಮಾನದ ಸಂತ ಬೆನೆಡಿಕ್ಟನ ಮಠನಿಯಮಾವಳಿಯ 53ನೆಯ ಅಧ್ಯಾಯ ಈ ಬೋಧನೆಯನ್ನು ದಿನಚರಿಗೆ ಇಳಿಸಿತು. ಬಂದ ಅತಿಥಿಗಳೆಲ್ಲರನ್ನೂ ಕ್ರಿಸ್ತನೆಂದೇ ಸ್ವೀಕರಿಸಬೇಕು. ಅವರಲ್ಲಿಯೂ ಬಡವರು ಮತ್ತು ಯಾತ್ರಿಕರ ಬಗ್ಗೆ ವಿಶೇಷ ಕಾಳಜಿ ಇರಬೇಕು ಎಂದು ಅದು ವಿಧಿಸುತ್ತದೆ. ಶ್ರೀಮಂತರಿಗೆ ಸಲ್ಲುವ ಗೌರವ ಅವರ ಮೇಲಿನ ಅಂಜಿಕೆಯಿಂದಲೇ ಸಲ್ಲುತ್ತದೆ ಎಂಬುದು ಅದು ಕೊಡುವ ಕಾರಣ.

ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೌಸ್ 1925ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ಕೊಡುಗೆಯೆಂಬುದು ಕೊಡುವ, ಸ್ವೀಕರಿಸುವ, ಮರಳಿಸುವ ಮೂರು ಬಾಧ್ಯತೆಗಳಿಂದ ಕಟ್ಟಲ್ಪಟ್ಟಿದೆ ಎಂದು ತೋರಿಸಿದನು. ಲೂಕನ ಬೋಧನೆ ಈ ಸರಪಳಿಯ ಮೂರನೆಯ ಕೊಂಡಿಯನ್ನು ಬೇಕೆಂದೇ ಕಳಚುತ್ತದೆ. ಆತಿಥ್ಯವೊಂದು ಎಷ್ಟರಮಟ್ಟಿಗೆ ಶ್ರದ್ಧೆಯ ಅಭಿವ್ಯಕ್ತಿ ಎಂಬುದನ್ನು ಅಳೆಯಲು ಇದನ್ನೇ ಒರೆಗಲ್ಲಾಗಿ ಬಳಸಬಹುದು.

ಸಮುದಾಯದ ಹಿನ್ನೆಲೆ

ಪೋರ್ಚುಗೀಸರು 1510ರಲ್ಲಿ ಗೋವಾವನ್ನು ವಶಪಡಿಸಿಕೊಂಡ ನಂತರ, 16ರಿಂದ 18ನೆಯ ಶತಮಾನದವರೆಗೆ, ಬರಗಾಲ, ತೆರಿಗೆ, ಯುದ್ಧ ಹಾಗೂ 1560ರಲ್ಲಿ ಸ್ಥಾಪಿತವಾದ ಧರ್ಮವಿಚಾರಣಾ ನ್ಯಾಯಾಲಯದ ಕಿರುಕುಳದ ಕಾರಣಗಳಿಂದ ಕೊಂಕಣಿ ಕ್ರೈಸ್ತರು ಅಲೆಅಲೆಯಾಗಿ ಕೆನರಾ ಕರಾವಳಿಗೆ ವಲಸೆ ಬಂದರು. ಕೆಳದಿ ಅರಸರ ನಾಡಿನಲ್ಲಿ ಅವರು ಬೇಸಾಯಗಾರರಾಗಿ ನೆಲೆ ನಿಂತರು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ಒಯ್ಯಲ್ಪಟ್ಟವರಲ್ಲಿ ಬದುಕುಳಿದವರು 1799ರ ಬಳಿಕ ಮರಳಿ ಬಂದರು. ಹೀಗೆ ಅನ್ಯರ ನೆಲದಲ್ಲಿ ಆಶ್ರಯ ಬೇಡಿದ ನೆನಪು ಈ ಸಮುದಾಯದ ಚರಿತ್ರೆಯಲ್ಲಿಯೇ ಇದೆ.

ಅತ್ತ ಗೋವಾದಲ್ಲಿ ಧರ್ಮವಿಚಾರಣಾ ನ್ಯಾಯಾಲಯವು 1736ರಲ್ಲಿ ಹೊರಡಿಸಿದ ಆಜ್ಞೆ, ಮದುವೆಯಲ್ಲಿ ವೀಳ್ಯ-ಅಡಿಕೆ ಹಂಚುವುದೂ ಸೇರಿದಂತೆ ಅನೇಕ ದೇಶೀ ಪದ್ಧತಿಗಳನ್ನು ನಿಷೇಧಿಸಿತು. ಅತಿಥಿಸತ್ಕಾರದ ದೇಶೀ ರೂಪಗಳನ್ನು ಅಧಿಕಾರಸ್ಥರು ಶ್ರದ್ಧೆಗೆ ವಿರುದ್ಧವೆಂದು ಕಂಡರು. ಜನರು ಹಾಗೆ ಕಾಣಲಿಲ್ಲ.

ಮೂರು ವೃತ್ತಗಳು

ಮೊದಲನೆಯದು ಕುಟುಂಬದ ವೃತ್ತ. ಸೆಪ್ಟೆಂಬರ್ 8ರಂದು ಮೇರಿ ಮಾತೆಯ ಜನನೋತ್ಸವದ ದಿನ ನಡೆಯುವ ಮೊಂತಿ ಫೆಸ್ತ್ ಅಥವಾ ತೆನೆಹಬ್ಬದ ಮೂಲವನ್ನು ಪರಂಪರೆಯು ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಗೂ, 18ನೆಯ ಶತಮಾನದಲ್ಲಿ ಅಲ್ಲಿದ್ದ ಗೋವಾ ಮೂಲದ ಪಾದ್ರಿ ಜೋಕಿಂ ಮಿರಾಂದಾ ಅವರಿಗೂ ಜೋಡಿಸುತ್ತದೆ. ಒಂಬತ್ತು ದಿನ ಮಕ್ಕಳು ಬಾಲಮರಿಯಳಿಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯ ಕಾಳನ್ನು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯ ನಂತರ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಅಂದಿನ ಊಟ ಸಂಪೂರ್ಣ ಸಸ್ಯಾಹಾರ. ಪಲ್ಯ-ಪದಾರ್ಥಗಳ ಸಂಖ್ಯೆ ಬೆಸವಾಗಿರಬೇಕು. ಮುಂಬಯಿಗೋ ಕೊಲ್ಲಿ ದೇಶಗಳಿಗೋ ಹೋದ ಮಕ್ಕಳಿಗೆ ಆ ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳುಹಿಸುವ ರೂಢಿಯೂ ಬೆಳೆದುಬಂತು. ತುಳುವರ ಕುರಲ್ ಪರ್ಬ, ಪುದ್ವಾರ್‌ಗಳೊಂದಿಗೆ ಇದರ ಸಾಮ್ಯ ಸ್ಪಷ್ಟ. ಇಲ್ಲಿ ದೂರ ಇರುವವನಿಗೂ ಪಾಲುಂಟು. ಆದರೆ ಅವನು ಮನೆಯವನೇ ಆಗಿರಬೇಕು.

ಎರಡನೆಯದು ನೆರೆಹೊರೆಯ ವೃತ್ತ. ಕ್ರಿಸ್‌ಮಸ್ ಹೊತ್ತಿಗೆ ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ ಮೊದಲಾದ ತಿಂಡಿಗಳ 'ಕುಸ್ವಾರ್' ತಟ್ಟೆ ಎಲ್ಲ ಮತದವರ ಮನೆಗೂ ಹೋಗುತ್ತದೆ. ಆ ನೆರೆಯವರ ಹಬ್ಬಗಳಲ್ಲಿ ಅದಕ್ಕೆ ಮರುತಟ್ಟೆ ಬರುತ್ತದೆ. ಊರಿನ ಸೌಹಾರ್ದವನ್ನು ಕಾಯುವ ಬೆಲೆಯುಳ್ಳ ಪದ್ಧತಿ ಇದು. ಆದರೆ ಮೌಸ್ ವಿವರಿಸಿದ ಮೂರೂ ಬಾಧ್ಯತೆಗಳು ಇದರಲ್ಲಿ ಪೂರ್ಣವಾಗಿವೆ.

ಮೂರನೆಯ ವೃತ್ತವನ್ನು ಗೋವಾದ 'ಭಿಕಾರ್ಯಾಂ ಜೆವಣ್' ಪ್ರತಿನಿಧಿಸುತ್ತದೆ. ಭಿಕ್ಷುಕರ ಊಟ ಎಂಬುದು ಅದರ ಅರ್ಥ. ಮದುವೆಗೆ ಕೆಲವು ದಿನ ಮುಂಚೆ, ಕುಟುಂಬದ ಮೃತರ ನೆನಪಿನಲ್ಲಿ, ಬಡವರನ್ನು ಮನೆಗೆ ಕರೆದು ಪ್ರಾರ್ಥನೆಯೊಂದಿಗೆ ಉಣಬಡಿಸುತ್ತಾರೆ. ಮದುವೆಯ ಸಡಗರ ತೊಡಗುವ ಮೊದಲೇ ಮನೆಯ ಅನ್ನ ಅವರಿಗೆ ಸಲ್ಲುತ್ತದೆ. ಪಿತೃಗಳ ಹೆಸರಿನಲ್ಲಿ ಅನ್ನವಿಡುವ ಹಿಂದೂ ಪರಂಪರೆಯ ಛಾಯೆ ಇದರಲ್ಲಿದೆ. ಮೃತರ ಆತ್ಮಗಳಿಗಾಗಿ ಪ್ರಾರ್ಥನೆ, ದಾನಗಳನ್ನು ಸಲ್ಲಿಸಬೇಕೆಂಬ ಕಥೋಲಿಕ ಬೋಧನೆಯೂ ಇದೆ. ಇವೆರಡೂ ಕೂಡುವಲ್ಲಿ ಲೂಕನ ಅತಿಥಿ ಬಂದು ಕುಳಿತಿದ್ದಾನೆ. ಉಂಡವನು ಆತಿಥೇಯನನ್ನು ಮರಳಿ ಕರೆಯಲಾರ. ಯಾರ ಹೆಸರಿನಲ್ಲಿ ಬಡಿಸಲಾಯಿತೋ ಆ ಮೃತರೂ ಕರೆಯಲಾರರು.

ಪಂಕ್ತಿಯ ಪ್ರಶ್ನೆ

ಹಾಗೆಂದು ಈ ಆಚರಣೆಯನ್ನು ಆದರ್ಶವೆಂದು ಕೊಂಡಾಡಿ ಸುಮ್ಮನಾಗುವಂತಿಲ್ಲ. ಬಾಮಣ್, ಚಾರಡಿ, ಶುದಿರ್ ಎಂಬ ಭೇದಗಳು ಮತಾಂತರದೊಂದಿಗೆ ಅಳಿಯಲಿಲ್ಲ. ವಿವಾಹಸಂಬಂಧಗಳಲ್ಲಿ ಅವು ದೀರ್ಘಕಾಲ ಉಳಿದವು. ಬಡವರಿಗೆಂದೇ ಬೇರೊಂದು ದಿನವನ್ನು ಮೀಸಲಿಡುವುದರಲ್ಲಿ ಗೌರವವಿದೆ. ಮದುವೆಯ ಪಂಕ್ತಿಯಿಂದ ಅವರನ್ನು ಹೊರಗಿಡುವ ಅನುಕೂಲವೂ ಇದೆ. ಬಡಿಸುವುದು ಬೇರೆ, ಜೊತೆಗೆ ಕುಳಿತು ಉಣ್ಣುವುದು ಬೇರೆ. ಈ ಬಿಕ್ಕಟ್ಟು ಕ್ರೈಸ್ತ ಸಮುದಾಯದಷ್ಟೇ ಹಳೆಯದು. ಪ್ರಭುವಿನ ಭೋಜನಕ್ಕೆಂದು ಕೂಡಿದಾಗ ಉಳ್ಳವರು ಮೊದಲೇ ಉಂಡು ತಣಿದು, ಇಲ್ಲದವರು ಹಸಿದಿದ್ದುದನ್ನು ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೆಯ ಅಧ್ಯಾಯದಲ್ಲಿ ಕಟುವಾಗಿ ಖಂಡಿಸಿದ್ದಾನೆ.

ಇಂದು ಮದುವೆಗಳು ಮನೆಯಂಗಳದಿಂದ ಸಭಾಂಗಣಕ್ಕೆ ಸರಿದಿವೆ. ಅಡುಗೆ ಗುತ್ತಿಗೆದಾರರ ಪಾಲಾಗಿದೆ. ತೆನೆಹಬ್ಬ ವಿದೇಶಗಳಲ್ಲಿಯೂ ವಿಜೃಂಭಣೆಯಿಂದ ನಡೆಯುತ್ತದೆ. ಕುಸ್ವಾರ್ ಅಂಗಡಿಗಳಲ್ಲಿ ಕೊಳ್ಳಲು ಸಿಗುತ್ತದೆ. ಮೊದಲೆರಡು ವೃತ್ತಗಳು ಹೀಗೆ ಹೊಸ ಕಾಲಕ್ಕೆ ಹೊಂದಿಕೊಂಡಿವೆ. ಮೂರನೆಯದರ ಸ್ಥಾನದಲ್ಲಿ ಅನಾಥಾಶ್ರಮಕ್ಕೋ ವೃದ್ಧಾಶ್ರಮಕ್ಕೋ ಒಂದು ಹೊತ್ತಿನ ಊಟದ ಹಣ ಕೊಡುವ ಪದ್ಧತಿ ಬಂದಿದೆ. ಇದರಿಂದ ಹಸಿವು ನೀಗುತ್ತದೆ ಎಂಬುದು ನಿಜ, ಅದು ಸಣ್ಣ ಮಾತಲ್ಲ. ಆದರೆ ಹಣ ಕೊಟ್ಟವರ ಹೊಸಿಲನ್ನು ಅಪರಿಚಿತನು ದಾಟುವುದಿಲ್ಲ. ಮತ್ತಾಯನ ಚಿತ್ರದಲ್ಲಿ ಆಶ್ರಯ ದೊರೆತದ್ದು ಹೊಸಿಲು ದಾಟಿ ಒಳಬಂದ ಪರಕೀಯನಿಗೆ.

ಆದ್ದರಿಂದ ಆರಂಭದ ಪ್ರಶ್ನೆಗೆ ಉತ್ತರವನ್ನು ತಿಂಡಿತೀರ್ಥಗಳ ವೈವಿಧ್ಯದಲ್ಲಿ ಹುಡುಕಬೇಕಾಗಿಲ್ಲ. ಬೆಲ್ಲ-ನೀರು ನೆಲದ್ದು, ಹೊಸ ಅಕ್ಕಿ ನೆಲದ್ದು, ಪಿತೃಗಳ ನೆನಪೂ ನೆಲದ್ದು. ಇವುಗಳನ್ನು ಮರಳಿ ಕರೆಯಲಾರದ ಅತಿಥಿಯ ಎಲೆಯತ್ತ ಒಯ್ಯುವ ದಿಕ್ಕನ್ನು ಮಾತ್ರ ಈ ಸಮುದಾಯಕ್ಕೆ ಅದರ ಶ್ರದ್ಧೆ ಕೊಟ್ಟಿದೆ. ಇಂಥ ಆಚರಣೆಗಳನ್ನು ದಾಖಲಿಸುವ ಸಂಶೋಧಕರು ಹಾಡು, ಪ್ರಾರ್ಥನೆ, ಅಡುಗೆಯ ವಿವರಗಳ ಜೊತೆಗೆ ಯಾರನ್ನು ಕರೆಯಲಾಯಿತು, ಅವರು ಎಲ್ಲಿ ಕುಳಿತರು, ಅವರೊಂದಿಗೆ ಮನೆಯವರಲ್ಲಿ ಯಾರು ಕುಳಿತು ಉಂಡರು ಎಂಬುದನ್ನೂ ಬರೆದಿಡಬೇಕು. ಆ ಪಂಕ್ತಿಯಲ್ಲಿ ಬಡಿಸಿದ, ಉಂಡ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ನಡೆಯಬೇಕಾಗಿದೆ.